ಹೆಸರು ಉಳಿಯಿತು, ಮನುಷ್ಯ ಮರೆಯಾದ: ರುಡಾಲ್ಫ್ ಡೀಸೆಲ್ ಜೀವನಗಾಥೆ

ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು ಹಳೇಬೀಡು, ಬೇಲೂರಿನ ಬಸ್ಸು ಹಿಡಿಯುವ ಪ್ರವಾಸಿಗನಿಂದ ಹಿಡಿದು, ತೆಂಗಿನ ತೋಟದ ಪಂಪ್‌ಸೆಟ್ಟಿಗೆ ಕ್ಯಾನಿನಲ್ಲಿ ಎಣ್ಣೆ ತರುವ ರೈತನವರೆಗೆ ಎಲ್ಲರ ಬಾಯಲ್ಲೂ ಇರುವ ಪದ ಡೀಸೆಲ್. ಅದು ಎಣ್ಣೆಯ ಹೆಸರೆಂದೇ ಬಹುತೇಕರ ತಿಳಿವಳಿಕೆ. ವಾಸ್ತವವಾಗಿ ಅದು ಒಬ್ಬ ಮನುಷ್ಯನ ಮನೆತನದ ಹೆಸರು. ಆ ಹೆಸರು ಮೊದಲು ಆತ ರೂಪಿಸಿದ ಯಂತ್ರಕ್ಕೆ, ಅನಂತರ ಆ ಯಂತ್ರ ಕುಡಿಯುವ ಎಣ್ಣೆಗೆ ಅಂಟಿಕೊಂಡಿತು. ಮನುಷ್ಯ ಮಾತ್ರ ಮರೆಯಾದ.

ರುಡಾಲ್ಫ್ ಡೀಸೆಲ್ ತನ್ನ ಯಂತ್ರವನ್ನು ಕಲ್ಪಿಸಿಕೊಂಡಿದ್ದು ಸಣ್ಣ ಕಸುಬುದಾರನಿಗಾಗಿ. ಆತ ಬದುಕಿರುವಾಗ ಅದು ದೊಡ್ಡ ಕಾರ್ಖಾನೆಗಳಿಗೂ ದೊಡ್ಡ ಹಡಗುಗಳಿಗೂ ಸೇರಿತು. ರೈಲು ಹಳಿಯ ಮೇಲೆ ಅದನ್ನು ಓಡಿಸುವ ಆತನ ಪ್ರಯತ್ನ ಸೋತಿತು. ಬಂದರಿನ ಟಗ್ ದೋಣಿಯಲ್ಲಿ, ರೈಲ್ವೆ ಯಾರ್ಡಿನ ಶಂಟಿಂಗ್ ಎಂಜಿನ್ನಿನಲ್ಲಿ, ಹೊಲದ ಪಂಪಿನಲ್ಲಿ ಅದು ದುಡಿಮೆಗೆ ನಿಂತದ್ದು ಆತ ಕಣ್ಮರೆಯಾದ ಮೇಲೆ.

ಪ್ಯಾರಿಸ್‌ನಿಂದ ಮ್ಯೂನಿಕ್‌ವರೆಗೆ

ರುಡಾಲ್ಫ್ ಜನಿಸಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಥಿಯೋಡರ್ ಮೂಲತಃ ಪುಸ್ತಕದ ರಟ್ಟು ಕಟ್ಟುವವ. ಜರ್ಮನಿಯ ಬವೇರಿಯಾ ಪ್ರಾಂತ್ಯದಿಂದ ವಲಸೆ ಬಂದು ಚರ್ಮದ ವಸ್ತುಗಳನ್ನು ತಯಾರಿಸಿ ಸಂಸಾರ ನಡೆಸುತ್ತಿದ್ದ. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಆರಂಭವಾದಾಗ ಜರ್ಮನ್ ಮೂಲದವರು ಪ್ಯಾರಿಸ್ ತೊರೆಯಬೇಕಾಯಿತು. ಕುಟುಂಬ ಲಂಡನ್ನಿಗೆ ಹೋಯಿತು. ಹನ್ನೆರಡರ ಬಾಲಕ ರುಡಾಲ್ಫ್‌ನನ್ನು ಆಗ್ಸ್‌ಬರ್ಗ್‌ನಲ್ಲಿ ಗಣಿತ ಬೋಧಿಸುತ್ತಿದ್ದ ಬಂಧುವಿನ ಮನೆಗೆ ಕಳುಹಿಸಲಾಯಿತು.

ಪರರ ಮನೆಯಲ್ಲಿ ಬೆಳೆದ ಹುಡುಗ ಓದಿನಲ್ಲಿ ಮುಂದಾದ. ವಿದ್ಯಾರ್ಥಿವೇತನ ಪಡೆದು ಮ್ಯೂನಿಕ್‌ನ ತಾಂತ್ರಿಕ ವಿದ್ಯಾಲಯ ಸೇರಿದ. ಶೀತಲೀಕರಣ ಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಉಗಿಯಂತ್ರಕ್ಕೆ ಹಾಕಿದ ಕಲ್ಲಿದ್ದಲಿನ ಶಾಖದಲ್ಲಿ ಹತ್ತನೇ ಒಂದು ಭಾಗವೂ ಕೆಲಸವಾಗಿ ಮಾರ್ಪಡುವುದಿಲ್ಲ, ಉಳಿದದ್ದೆಲ್ಲ ಚಿಮಣಿಯಲ್ಲೂ ತಣ್ಣೀರಿನಲ್ಲೂ ವ್ಯರ್ಥವಾಗುತ್ತದೆ ಎಂಬ ಸಂಗತಿ ಲಿಂಡೆಯವರ ಪಾಠದಲ್ಲಿ ರುಡಾಲ್ಫ್‌ನ ಮನಸ್ಸಿಗೆ ನಾಟಿತು. ಆ ವ್ಯರ್ಥವನ್ನು ತಪ್ಪಿಸುವುದೇ ಆತನ ಜೀವನದ ಗುರಿಯಾಯಿತು.

ವಿಷಮಶೀತ ಜ್ವರದಿಂದ ಅಂತಿಮ ಪರೀಕ್ಷೆಗೆ ಕೂರಲಾಗದೆ ಕೆಲಕಾಲ ಸ್ವಿಟ್ಜರ್ಲೆಂಡ್‌ನ ವಿಂಟರ್‌ಥೂರ್‌ನ ಸುಲ್ಜರ್ ಕಾರ್ಖಾನೆಯಲ್ಲಿ ಕೆಲಸ ಕಲಿತ. 1880ರ ಜನವರಿಯಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ. ಬಳಿಕ ಲಿಂಡೆಯವರ ಮಂಜುಗಡ್ಡೆ ಕಾರ್ಖಾನೆಯ ಉಸ್ತುವಾರಿಗೆ ಪ್ಯಾರಿಸ್ಸಿಗೆ ಮರಳಿದ. 1883ರಲ್ಲಿ ಮಾರ್ಥಾ ಫ್ಲಾಷೆಯನ್ನು ವರಿಸಿದ. ದಂಪತಿಗೆ ಮೂವರು ಮಕ್ಕಳಾದರು. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರು–ಹರಿಹರ ಮೀಟರ್ ಗೇಜ್ ಹಳಿ ಅರಸೀಕೆರೆಯನ್ನು ತಲುಪಿದ್ದೂ ಅದೇ ದಶಕದಲ್ಲಿ. ಆ ಹಳಿಯ ಮೇಲೆ ಓಡಿದ್ದು, ಆತ ಅಪವ್ಯಯಿ ಎಂದು ತೀರ್ಮಾನಿಸಿದ್ದ ಉಗಿ ಎಂಜಿನ್ನೇ.

ಕಿಡಿಯಿಲ್ಲದ ಬೆಂಕಿ

ಉಗಿಯ ಬದಲು ಅಮೋನಿಯ ಬಳಸಿ ಯಂತ್ರ ನಡೆಸುವ ಪ್ರಯೋಗಗಳಲ್ಲಿ ಆತನ ಹಲವು ವರ್ಷಗಳು ಕಳೆದವು, ಫಲ ಸಿಗಲಿಲ್ಲ. 1890ರಲ್ಲಿ ಬರ್ಲಿನ್‌ಗೆ ಹೋದ ಮೇಲೆ ಹೊಸ ಮಾರ್ಗ ಹೊಳೆಯಿತು. ಸೈಕಲ್ ಚಕ್ರಕ್ಕೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಗಾಳಿಯನ್ನು ಒತ್ತಿದಷ್ಟೂ ಅದು ಕಾಯುತ್ತದೆ. ಉರುಳೆಯೊಳಗೆ ಗಾಳಿಯನ್ನು ಬಲವಾಗಿ ಅದುಮಿ, ಅದು ಕೆಂಡದಷ್ಟು ಬಿಸಿಯಾದ ಕ್ಷಣದಲ್ಲಿ ಎಣ್ಣೆಯನ್ನು ಚಿಮುಕಿಸಿದರೆ ಕಿಡಿಯ ನೆರವಿಲ್ಲದೆಯೇ ಅದು ಹೊತ್ತಿಕೊಳ್ಳುತ್ತದೆ. ಆ ಉರಿಯ ಒತ್ತಡವೇ ಪಿಸ್ಟನ್ನನ್ನು ತಳ್ಳುತ್ತದೆ. ಸ್ಥೂಲವಾಗಿ ಡೀಸೆಲ್ ಎಂಜಿನ್ನಿನ ತತ್ವ ಇಷ್ಟೇ.

1892ರಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದ ರುಡಾಲ್ಫ್, 1893ರಲ್ಲಿ ತನ್ನ ಸಿದ್ಧಾಂತವನ್ನು ಪುಸ್ತಕವಾಗಿ ಪ್ರಕಟಿಸಿದ. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯೂ ಕ್ರುಪ್ ಸಂಸ್ಥೆಯೂ ಹಣ ಹೂಡಲು ಒಪ್ಪಿದವು. ಕಾಗದದ ಮೇಲೆ ಸುಲಭವಾಗಿದ್ದುದು ಕಬ್ಬಿಣದಲ್ಲಿ ಕಠಿಣವಾಯಿತು. 1893ರ ಆಗಸ್ಟ್ 10ರ ಮೊದಲ ಪರೀಕ್ಷೆಯಲ್ಲಿ ಉರುಳೆಯೊಳಗೆ ಸ್ಫೋಟವಾಗಿ ಮಾಪಕ ಸಿಡಿಯಿತು. ಬಳಿಯಲ್ಲಿದ್ದವರು ಕೂದಲೆಳೆಯಲ್ಲಿ ಪಾರಾದರು. ಯಂತ್ರ ಓಡಲಿಲ್ಲ, ಆದರೆ ಒತ್ತಿದ ಗಾಳಿಯಲ್ಲಿ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ ಎಂಬುದು ಖಚಿತವಾಯಿತು. ಮುಂದಿನ ವರ್ಷ ಫೆಬ್ರವರಿಯಲ್ಲಿ ಅದು ಸುಮಾರು ಒಂದು ನಿಮಿಷ ತಾನೇ ತಿರುಗಿತು.

ಇನ್ನೂ ಮೂರು ವರ್ಷ ತಿದ್ದುಪಡಿಗಳು ನಡೆದವು. 1897ರ ಫೆಬ್ರವರಿ 17ರಂದು ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ಅಧಿಕೃತ ಪರೀಕ್ಷೆ ನಡೆಸಿದರು. 250 ಮಿಲಿಮೀಟರ್ ಅಗಲದ ಒಂದೇ ಉರುಳೆಯ, ಸುಮಾರು ಮೂರು ಮೀಟರ್ ಎತ್ತರದ ಆ ಯಂತ್ರ ಇಂಧನದ ಶಾಖದಲ್ಲಿ ಶೇ 26.2ರಷ್ಟನ್ನು ಕೆಲಸವಾಗಿ ಪರಿವರ್ತಿಸಿತು. ಅಂದಿನ ಸಾಮಾನ್ಯ ಉಗಿಯಂತ್ರಗಳು ಶೇ 10ನ್ನು ಮುಟ್ಟಲೂ ಹೆಣಗುತ್ತಿದ್ದವು.

ಸಣ್ಣ ಕಸುಬುದಾರನ ಕನಸು

ರುಡಾಲ್ಫ್‌ನಿಗೆ ಯಂತ್ರವೆಂದರೆ ಕೇವಲ ಶಾಖದ ಲೆಕ್ಕವಾಗಿರಲಿಲ್ಲ. ಉಗಿಯಂತ್ರ ಇಡಲು ದೊಡ್ಡ ಬಾಯ್ಲರು, ದೊಡ್ಡ ಕಟ್ಟಡ, ದೊಡ್ಡ ಬಂಡವಾಳ ಬೇಕು. ಅದನ್ನು ಭರಿಸಲಾಗದ ನೇಕಾರ, ಬಡಗಿ, ಮುದ್ರಕರು ತಮ್ಮ ಕಸುಬು ಬಿಟ್ಟು ಕಾರ್ಖಾನೆಯ ಕೂಲಿಗಳಾಗುತ್ತಿದ್ದುದನ್ನು ಆತ ಕಂಡಿದ್ದ. ಕಸುಬುದಾರನ ಮನೆಯಂಗಳದಲ್ಲೇ ನಿಲ್ಲಬಲ್ಲ, ಸ್ಥಳೀಯವಾಗಿ ಸಿಗುವ ಇಂಧನದಿಂದ ನಡೆಯಬಲ್ಲ ಚಿಕ್ಕ ಯಂತ್ರ ಆತನ ಆಶಯವಾಗಿತ್ತು. ದುಡಿಯುವವರ ಸಹಕಾರದ ಆಧಾರದ ಮೇಲೆ ಸಮಾಜವನ್ನು ಕಟ್ಟುವ ಬಗೆಗೆ 1903ರಲ್ಲಿ ಪುಸ್ತಕವನ್ನೂ ಬರೆದ. ಅದನ್ನು ಕೊಂಡವರು ವಿರಳ.

ಯಂತ್ರವೂ ಆತನ ಆಶಯಕ್ಕೆ ಒಗ್ಗಲಿಲ್ಲ. ಎಣ್ಣೆಯನ್ನು ಉರುಳೆಯೊಳಗೆ ತಳ್ಳಲು ಅಂದು ಬಳಸುತ್ತಿದ್ದುದು ಒತ್ತಡದ ಗಾಳಿ. ಅದಕ್ಕೆ ಬೇರೊಂದು ಗಾಳಿಯಂತ್ರವೇ ಬೇಕಿತ್ತು. ಹೀಗಾಗಿ ಎಂಜಿನ್ ಭಾರವಾಯಿತು, ದುಬಾರಿಯಾಯಿತು. ಅದನ್ನು ಕೊಂಡವರು ದೊಡ್ಡ ಗಿರಣಿಗಳವರು, ವಿದ್ಯುತ್ ಕೇಂದ್ರಗಳವರು. ಅಮೆರಿಕದ ಬಿಯರ್ ಉದ್ಯಮಿ ಅಡಾಲ್ಫಸ್ ಬುಷ್ 1897ರಲ್ಲಿ ಆ ದೇಶದ ತಯಾರಿಕಾ ಹಕ್ಕಿಗೆ ಹತ್ತು ಲಕ್ಷ ಮಾರ್ಕ್ ತೆತ್ತ. ರುಡಾಲ್ಫ್ ಹಠಾತ್ತನೆ ಸಿರಿವಂತನಾದ. ಮ್ಯೂನಿಕ್‌ನಲ್ಲಿ ಭವ್ಯ ಬಂಗಲೆ ಕಟ್ಟಿಸಿದ.

ಸಿರಿಯೊಡನೆ ಸಂಕಷ್ಟವೂ ಬಂತು. ಪೇಟೆಂಟ್ ಕುರಿತು ಪ್ರತಿಸ್ಪರ್ಧಿಗಳೊಂದಿಗೆ ವ್ಯಾಜ್ಯಗಳು ಎದ್ದವು. ಅವಸರದಲ್ಲಿ ಮಾರಾಟವಾದ ಮೊದಲ ಯಂತ್ರಗಳು ಕೆಟ್ಟು ಹಿಂದಿರುಗಿದವು. ದುಡಿಮೆಯ ಒತ್ತಡದಿಂದ ಆರೋಗ್ಯ ಕುಸಿದು ಆತ ಚಿಕಿತ್ಸಾಲಯ ಸೇರಬೇಕಾಯಿತು. ನಿವೇಶನ ವ್ಯವಹಾರದಲ್ಲಿ ತೊಡಗಿಸಿದ ಹಣ ಕರಗಿತು. ಯಂತ್ರದ ಪ್ರತಿ ಕವಾಟದ ಲೆಕ್ಕ ಬಲ್ಲವನಿಗೆ ತನ್ನ ಮನೆಯ ಲೆಕ್ಕ ಕೈತಪ್ಪಿತು.

ಹಡಗು ಗೆದ್ದಿತು, ರೈಲು ಸೋತಿತು

ಡೀಸೆಲ್ ಎಂಜಿನ್ನಿಗೆ ನೀರು ಮೊದಲು ಒಲಿಯಿತು. ಹಡಗಿನಲ್ಲಿ ಭಾರದ ಚಿಂತೆ ಕಡಿಮೆ; ಒಮ್ಮೆ ಹೊರಟರೆ ದಿನಗಟ್ಟಲೆ ಒಂದೇ ವೇಗ. ಬಾಯ್ಲರು, ಕಲ್ಲಿದ್ದಲಿನ ಕೋಣೆ, ಬೆಂಕಿ ಕೆದಕುವ ಆಳುಗಳು ಇಲ್ಲದಿರುವುದರಿಂದ ಸರಕಿಗೆ ಜಾಗ ಹೆಚ್ಚು. 1912ರ ಫೆಬ್ರವರಿಯಲ್ಲಿ ಡೆನ್ಮಾರ್ಕ್‌ನ ‘ಸೆಲಾಂಡಿಯಾ’ ಹಡಗು ಕೋಪನ್‌ಹೇಗನ್‌ನಿಂದ ಬ್ಯಾಂಕಾಕ್‌ನತ್ತ ಪಯಣ ಬೆಳೆಸಿತು. ಸಾಗರ ದಾಟಿದ ಮೊದಲ ದೊಡ್ಡ ಡೀಸೆಲ್ ಹಡಗುಗಳಲ್ಲಿ ಅದು ಅಗ್ರಗಣ್ಯ. ಹೊಗೆಗೊಳವೆಯೇ ಇಲ್ಲದ ಆ ನೌಕೆ ಬಂದರುಗಳಲ್ಲಿ ಜನರಿಗೆ ಅಚ್ಚರಿಯಾಗಿತ್ತು.

ಹಳಿಯ ಮೇಲೆ ನಡೆದದ್ದು ಬೇರೆ ಕಥೆ. ರುಡಾಲ್ಫ್, ಅಡಾಲ್ಫ್ ಕ್ಲೋಸೆ ಮತ್ತು ಸುಲ್ಜರ್ ಕಾರ್ಖಾನೆ ಸೇರಿ ರೂಪಿಸಿದ ರೈಲ್ವೆ ಎಂಜಿನ್ 1912ರಲ್ಲಿ ವಿಂಟರ್‌ಥೂರ್‌ನ ಬಳಿ ಪರೀಕ್ಷೆಗಿಳಿಯಿತು. ಉಗಿ ಎಂಜಿನ್ ನಿಂತಲ್ಲಿಂದಲೇ ಪೂರ್ಣ ಬಲದಿಂದ ಎಳೆಯಬಲ್ಲದು. ಡೀಸೆಲ್ ಎಂಜಿನ್ ಮೊದಲು ತಿರುಗುತ್ತಿರಬೇಕು, ಆಮೇಲಷ್ಟೇ ಬಲ. ನಡುವೆ ಗೇರ್ ಇಲ್ಲದೆ ಚಕ್ರಕ್ಕೆ ನೇರವಾಗಿ ಜೋಡಿಸಿದ್ದರಿಂದ ಆ ಎಂಜಿನ್ನನ್ನು ಒತ್ತಡದ ಗಾಳಿಯಿಂದ ತಳ್ಳಿ ವೇಗಕ್ಕೆ ತಂದ ಮೇಲಷ್ಟೇ ಎಣ್ಣೆ ಹಾಯಿಸಬೇಕಿತ್ತು. ನಿತ್ಯದ ಓಡಾಟದಲ್ಲಿ ಅದು ಉಳಿಯಲಿಲ್ಲ. ಪರಿಹಾರ ಬೇರೆಡೆ ಸಿದ್ಧವಾಗುತ್ತಿತ್ತು: 1913ರಲ್ಲಿ ಸ್ವೀಡನ್ನಿನಲ್ಲಿ ಚಿಕ್ಕದೊಂದು ರೈಲು ಬಂಡಿ, ಡೀಸೆಲ್‌ನಿಂದ ವಿದ್ಯುತ್ ಉತ್ಪಾದಿಸಿ ಆ ವಿದ್ಯುತ್ತಿನಿಂದ ಚಕ್ರ ತಿರುಗಿಸಿಕೊಂಡು ಓಡಿತು.

ಸಮುದ್ರದಲ್ಲಿ ಕೊನೆ

ಅದೇ 1913ರ ಸೆಪ್ಟೆಂಬರ್ 29ರ ಸಂಜೆ ರುಡಾಲ್ಫ್ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ‘ಡ್ರೆಸ್ಡೆನ್’ ಎಂಬ ಉಗಿಹಡಗು ಹತ್ತಿದ. ಇಂಗ್ಲೆಂಡಿನಲ್ಲಿ ಕಂಪನಿಯೊಂದರ ಸಭೆಗೆ ಹೋಗಬೇಕಿತ್ತು. ಸಂಗಡಿಗರೊಡನೆ ಊಟ ಮುಗಿಸಿ ರಾತ್ರಿ ಸುಮಾರು ಹತ್ತಕ್ಕೆ ತನ್ನ ಕೋಣೆಯತ್ತ ಹೊರಟ. ಬೆಳಿಗ್ಗೆ ಆರೂಕಾಲಿಗೆ ಎಬ್ಬಿಸಲು ತಿಳಿಸಿದ್ದ. ಬೆಳಿಗ್ಗೆ ಕೋಣೆ ಬರಿದಾಗಿತ್ತು. ಹಾಸಿಗೆಯಲ್ಲಿ ಯಾರೂ ಮಲಗಿರಲಿಲ್ಲ. ಹಡಗಿನ ಹಿಂಬದಿಯ ಕಟಕಟೆಯ ಬಳಿ ಆತನ ಟೊಪ್ಪಿಗೆ, ಮೇಲಂಗಿ ಇದ್ದವು.

ಸುಮಾರು ಹತ್ತು ದಿನಗಳ ಬಳಿಕ ಹಾಲೆಂಡಿನ ಪೈಲಟ್ ದೋಣಿಯೊಂದು ಸಮುದ್ರದಲ್ಲಿ ಶವವೊಂದನ್ನು ಕಂಡಿತು. ಗುರುತು ಹಿಡಿಯಲಾಗದ ಸ್ಥಿತಿಯಲ್ಲಿದ್ದ ದೇಹದಿಂದ ಸಣ್ಣಪುಟ್ಟ ವಸ್ತುಗಳನ್ನು ತೆಗೆದುಕೊಂಡು, ದೇಹವನ್ನು ಕಡಲಿಗೇ ಬಿಟ್ಟರು. ಆ ವಸ್ತುಗಳು ತಂದೆಯವೇ ಎಂದು ಮಗ ಯೂಜೆನ್ ಗುರುತಿಸಿದ. ಸಾಲದ ಹೊರೆಯಿಂದ ನೊಂದು ಪ್ರಾಣ ಬಿಟ್ಟನೆಂಬುದು ಹಲವು ಚರಿತ್ರೆಕಾರರ ಅಭಿಪ್ರಾಯ. ಅಪಘಾತವೆಂದವರೂ ಕೊಲೆಯೆಂದು ಶಂಕಿಸಿದವರೂ ಇದ್ದಾರೆ. ಸಾಯುವ ವೇಳೆಗೆ ಆತನ ಸಂಪತ್ತು ಬಹುತೇಕ ಬರಿದಾಗಿತ್ತು ಎಂಬುದು ಮಾತ್ರ ನಿರ್ವಿವಾದ. ಆಗ ವಯಸ್ಸು 55.

ಬಂದರಿನ ಆಳು, ಯಾರ್ಡಿನ ಎತ್ತು

ಆತನ ನಂತರ ಯಂತ್ರ ಚಿಕ್ಕದಾಯಿತು. ಗಾಳಿಯ ನೆರವಿಲ್ಲದೆ ಎಣ್ಣೆಯನ್ನೇ ಅತ್ಯಧಿಕ ಒತ್ತಡದಲ್ಲಿ ಸಿಂಪಡಿಸುವ ಪಂಪನ್ನು ಜರ್ಮನಿಯ ಬಾಷ್ ಸಂಸ್ಥೆ 1927ರಲ್ಲಿ ಸಗಟಾಗಿ ತಯಾರಿಸತೊಡಗಿತು. ಲಾರಿ, ಟ್ರ್ಯಾಕ್ಟರ್, ಪಂಪ್‌ಸೆಟ್, ಸಣ್ಣ ರೈಲ್ವೆ ಎಂಜಿನ್, ಟಗ್ ಇವೆಲ್ಲಕ್ಕೂ ದಾರಿ ತೆರೆಯಿತು.

ಟಗ್ಗಿನ ಕೆಲಸವೆಂದರೆ ಕಾಯುವುದು ಮತ್ತು ತಳ್ಳುವುದು. ಸಾವಿರಾರು ಟನ್ನಿನ ಹಡಗು ಇಕ್ಕಟ್ಟಾದ ಬಂದರಿನಲ್ಲಿ ತಾನಾಗಿ ತಿರುಗಲಾರದು. ಗಿಡ್ಡ ದೇಹದ, ಮಿತಿಮೀರಿದ ಬಲದ ಟಗ್ ಅದನ್ನು ಹಗ್ಗದಿಂದ ಎಳೆದು, ಮೂತಿಯಿಂದ ಒತ್ತಿ ಧಕ್ಕೆಗೆ ತರುತ್ತದೆ. ಉಗಿಯ ಟಗ್ಗಿನಲ್ಲಿ ಹಡಗು ಬಾರದ ವೇಳೆಯಲ್ಲೂ ಬೆಂಕಿ ಆರದಂತೆ ಕಲ್ಲಿದ್ದಲು ಸುರಿಯುತ್ತಿರಬೇಕು. ಡೀಸೆಲ್ ಟಗ್ಗಿಗೆ ಬೇಕೆಂದಾಗ ಜೀವ, ಬೇಡವೆಂದಾಗ ವಿಶ್ರಾಂತಿ.

ಹಳೆಯ ಡೀಸೆಲ್ ಟಗ್ಗಿಗೂ ತನ್ನದೇ ಪೇಚು ಇತ್ತು. ಅನೇಕ ಟಗ್ಗುಗಳಲ್ಲಿ ಎಂಜಿನ್ ನೇರವಾಗಿ ಪ್ರೊಪೆಲ್ಲರಿಗೆ ಜೋಡಣೆಯಾಗಿತ್ತು. ಹಿಂದಕ್ಕೆ ಚಲಿಸಬೇಕೆಂದರೆ ಎಂಜಿನ್ನನ್ನೇ ನಿಲ್ಲಿಸಿ, ಕವಾಟಗಳ ಕ್ರಮ ಬದಲಿಸಿ, ಒತ್ತಡದ ಗಾಳಿಯಿಂದ ವಿರುದ್ಧ ದಿಕ್ಕಿಗೆ ಮತ್ತೆ ಚಾಲೂ ಮಾಡಬೇಕು. ತೊಟ್ಟಿಯಲ್ಲಿದ್ದ ಗಾಳಿ ಇಂತಿಷ್ಟೇ ಸಲಕ್ಕೆ ಸಾಕು. ಮೇಲಿನಿಂದ ಗಂಟೆಯ ಆಜ್ಞೆ ಬಂದಾಗಲೆಲ್ಲ ಕೆಳಗಿನ ಎಂಜಿನ್ ಕೋಣೆಯವನು ಗಾಳಿಯ ಮಾಪಕದ ಮೇಲೆ ಕಣ್ಣಿಟ್ಟೇ ಕೈಯಾಡಿಸಬೇಕಿತ್ತು. ಗಾಳಿ ಮುಗಿದರೆ ದೈತ್ಯ ಹಡಗಿನ ಪಕ್ಕದಲ್ಲಿ ಟಗ್ ನಿರ್ಬಲ. ದಪ್ಪ ತಗಡಿನ ಒಡಲು, ನಿಧಾನ ತಿರುಗುವ ಎಂಜಿನ್ ಇದ್ದುದರಿಂದ ಅಂಥ ಟಗ್ಗುಗಳು ದಶಕಗಟ್ಟಲೆ ಬಾಳಿದವು.

ರೈಲ್ವೆ ಯಾರ್ಡಿನ ಶಂಟಿಂಗ್ ಎಂಜಿನ್ನಿನದೂ ಇದೇ ಬಾಳು. ಒಂದು ವ್ಯಾಗನ್ನನ್ನು ಇತ್ತ ತಳ್ಳಿ, ಇನ್ನೊಂದನ್ನು ಅತ್ತ ಎಳೆದು, ಮತ್ತೆ ಗಂಟೆಗಟ್ಟಲೆ ನಿಲುಗಡೆ. ಭಾರತೀಯ ರೈಲ್ವೆಯ ಎಂಜಿನ್ ಹೆಸರುಗಳಲ್ಲಿ ಕೊನೆಗೆ ಬರುವ ‘ಎಸ್’ ಅಕ್ಷರ ಶಂಟಿಂಗ್‌ನದು, ‘ಡಿ’ ಡೀಸೆಲ್‌ನದು. ಚಿತ್ತರಂಜನ್ ಕಾರ್ಖಾನೆಯಲ್ಲಿ ತಯಾರಾದ ಡಬ್ಲ್ಯುಡಿಎಸ್-4 ಈ ಬಗೆಯದು. ಆರೇ ಚಕ್ರ, ಚಕ್ರಗಳನ್ನು ಕೂಡಿಸುವ ಉಕ್ಕಿನ ತೋಳುಗಳು, ಎಣ್ಣೆಯ ಹರಿವಿನಿಂದ ಬಲ ಸಾಗಿಸುವ ವ್ಯವಸ್ಥೆ. ಆ ವ್ಯವಸ್ಥೆಯ ಒಂದು ಮಾದರಿಯನ್ನು ರೂಪಿಸಿದವರು ಭಾರತೀಯ ಎಂಜಿನಿಯರ್ ಎಂ.ಎಂ. ಸೂರಿ. 1912ರಲ್ಲಿ ರುಡಾಲ್ಫ್‌ನನ್ನು ಸೋಲಿಸಿದ ಪ್ರಶ್ನೆಗೆ, ಅಂದರೆ ನಿಂತ ರೈಲನ್ನು ಡೀಸೆಲ್ ಬಲದಿಂದ ಮೆಲ್ಲನೆ ಎಳೆಯುವುದು ಹೇಗೆಂಬುದಕ್ಕೆ, ಇದೂ ಒಂದು ಉತ್ತರ.

ಅರಸೀಕೆರೆಯಿಂದ ಕಡಲಿಗೆ

ಹಾಸನ ಜಿಲ್ಲೆಯಲ್ಲಿ ಹಳಿ ಮತ್ತು ಬಂದರಿನ ಎರಡೂ ಕಥೆಗಳು ಕೂಡುತ್ತವೆ. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾಗಿ, 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಅವರಿಂದ ಉದ್ಘಾಟನೆಗೊಂಡಿತು. ಒಳನಾಡಿನಿಂದ ಕರಾವಳಿಗೆ ಹಳಿಯ ಸಂಪರ್ಕ ಕಲ್ಪಿಸಿದ ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಸಿದ್ಧವಾಯಿತು. ಅರಸೀಕೆರೆಯಿಂದ ಹಾಸನಕ್ಕೆ, ಅಲ್ಲಿಂದ ಸಕಲೇಶಪುರ ದಾಟಿ ಕಡಲಿಗೆ ದಾರಿಯಾಯಿತು. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಘಟ್ಟದಲ್ಲಿ 57 ಸುರಂಗಗಳಿವೆ. ಪ್ರತಿ 50 ಅಡಿಗೆ ಒಂದು ಅಡಿ ಏರು. ಮಳೆಗಾಲದಲ್ಲಿ ನೆನೆದ ಹಳಿಯ ಮೇಲೆ ಅಲ್ಲಿ ಹತ್ತಿಳಿದದ್ದು ಸುಮಾರು 1,400 ಅಶ್ವಶಕ್ತಿಯ ವೈಡಿಎಂ-4 ಡೀಸೆಲ್ ಎಂಜಿನ್‌ಗಳು. ಇಂದಿನ ಲೆಕ್ಕದಲ್ಲಿ ಅವು ಚಿಕ್ಕವು.

ಬೆಂಗಳೂರು–ಅರಸೀಕೆರೆ ಹಳಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಘಟ್ಟದ ಮಾರ್ಗ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿ, 2006ರಲ್ಲಿ ಸರಕು ಸಾಗಣೆಗೆ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೆ ಮರಳಿ ತೆರೆಯಿತು. ಮೀಟರ್ ಗೇಜ್ ಎಂಜಿನ್‌ಗಳಿಗೆ ಇಲ್ಲಿ ಹಳಿಯೇ ಇಲ್ಲವಾಯಿತು. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ವಿದ್ಯುತ್ ತಂತಿ ಬಂದ ಮೇಲೆ ಅರಸೀಕೆರೆಯಲ್ಲಿ ದೊಡ್ಡ ಡೀಸೆಲ್ ಎಂಜಿನ್‌ಗಳ ಪಾಲೂ ಕುಗ್ಗಿದೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ 2003ರಲ್ಲಿ ಕಾರ್ಯಾರಂಭ ಮಾಡಿದ ನಂತರ ಡೀಸೆಲ್ ಎಣ್ಣೆಯೇ ಈ ಜಿಲ್ಲೆಯ ನೆಲದಡಿ ಹರಿಯುತ್ತಿದೆ.

ಕಡಲೆಕಾಯಿ, ಹೊಂಗೆ ಮತ್ತು ಉಳಿದ ಪ್ರಶ್ನೆ

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಫ್ರಾನ್ಸಿನ ಓಟೋ ಕಂಪನಿ ಚಿಕ್ಕದೊಂದು ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿತ್ತು. ಬಂದವರಲ್ಲಿ ಕೆಲವರಷ್ಟೇ ಅದನ್ನು ಗಮನಿಸಿದರು. ಆಫ್ರಿಕದ ವಸಾಹತುಗಳಲ್ಲಿ ಬೆಳೆಯುವ ಕಾಳಿನಿಂದಲೇ ಅಲ್ಲಿನ ಯಂತ್ರಗಳನ್ನು ನಡೆಸುವುದು ಫ್ರೆಂಚ್ ಸರ್ಕಾರದ ಇಂಗಿತವಾಗಿತ್ತು. ರುಡಾಲ್ಫ್ ಸ್ವತಃ ಇಂಥ ಪ್ರಯೋಗ ಕೈಗೊಂಡು, ಸಸ್ಯದ ಎಣ್ಣೆಗಳಿಗೆ ಮುಂದೆ ಮಹತ್ವ ಬರಬಹುದೆಂದು 1912ರಲ್ಲಿ ಅಭಿಪ್ರಾಯಪಟ್ಟಿದ್ದ. ಖನಿಜ ತೈಲ ಅಗ್ಗವಾಗಿದ್ದುದರಿಂದ ಆ ವಿಚಾರ ಮೂಲೆ ಸೇರಿತು.

ಅದು ಮತ್ತೆ ತಲೆಯೆತ್ತಿದ ಸ್ಥಳಗಳಲ್ಲಿ ಹಾಸನ ಜಿಲ್ಲೆಯೂ ಒಂದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಆರಂಭಿಸಿತು. ಹೊಲದ ಬದುವಿನಲ್ಲಿ ಹೊಂಗೆ, ಬೇವು, ಹಿಪ್ಪೆ ಬೆಳೆಸುವುದು, ರೈತರಿಂದ ಬೀಜ ಕೊಳ್ಳುವುದು, ಎಣ್ಣೆ ತೆಗೆದು ಹಿಂಡಿಯನ್ನು ಗೊಬ್ಬರಕ್ಕೆ ಬಳಸುವುದು ಅದರ ಯೋಜನೆ. ಹೊಂಗೆ ಎಣ್ಣೆಯಲ್ಲಿ ದೀಪ ಉರಿಸುವುದು ಈ ನೆಲಕ್ಕೆ ಹೊಸತಲ್ಲ. ಆದರೆ ಹಸಿ ಎಣ್ಣೆ ಮಂದವಾದುದರಿಂದ ಇಂದಿನ ಎಂಜಿನ್ನಿನ ಸೂಕ್ಷ್ಮ ರಂಧ್ರಗಳಲ್ಲಿ ಕಟ್ಟಿಕೊಳ್ಳುತ್ತದೆ; ರಾಸಾಯನಿಕ ಕ್ರಿಯೆಯಿಂದ ಗ್ಲಿಸರಿನ್ ಬೇರ್ಪಡಿಸಿದರೆ ಮಾತ್ರ ಸಲೀಸು. ಬೀಜ ಆಯುವ ಕೂಲಿಯೇ ದುಬಾರಿ. ಹೊಂಗೆ ಎಣ್ಣೆ ಡೀಸೆಲ್‌ಗೆ ಬದಲಿಯಾಗುವಷ್ಟು ಪ್ರಮಾಣಕ್ಕೆ ಇನ್ನೂ ಬೆಳೆದಿಲ್ಲ.

ಹೊಗೆ, ವಾಯುಮಾಲಿನ್ಯದ ಕಾರಣಕ್ಕೆ ಇಂದು ಡೀಸೆಲ್ ಎಂಬ ಪದಕ್ಕೆ ಕಳಂಕವೂ ತಟ್ಟಿದೆ. ಅದು ಅಕಾರಣವಲ್ಲ. ಆದರೂ ಸಣ್ಣವನ ಕೈಗೆ ಬಲ ಕೊಡಬೇಕೆಂಬ ರುಡಾಲ್ಫ್‌ನ ಆಶಯ ಪೂರ್ತಿ ಸುಳ್ಳಾಗಲಿಲ್ಲ. 1946ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್‌ನಂಥ ಸಂಸ್ಥೆಗಳು ತಯಾರಿಸಿದ ಪುಟ್ಟ ಎಂಜಿನ್‌ಗಳು ಕರೆಂಟು ಬಾರದ ಊರುಗಳಲ್ಲಿ ಬಾವಿಯ ನೀರೆತ್ತಿದವು, ಹಿಟ್ಟಿನ ಗಿರಣಿ ತಿರುಗಿಸಿದವು, ಕಬ್ಬು ಅರೆದವು. ಮೂರು ಮೀಟರ್ ಎತ್ತರದ ಯಂತ್ರದಲ್ಲಿ ಆತನಿಗೆ ದಕ್ಕದೆ ಹೋದದ್ದು, ಇಬ್ಬರು ಹೊತ್ತೊಯ್ಯಬಲ್ಲ ಯಂತ್ರದಲ್ಲಿ ಅರಸೀಕೆರೆ ಸೀಮೆಯ ರೈತನಿಗೆ ದಕ್ಕಿತು. ಆ ಯಂತ್ರಕ್ಕೆ ಬೇಕಾದ ಎಣ್ಣೆ ಬದುವಿನ ಮರದಿಂದ ಬಂದೀತೇ ಎಂಬ ಆತನ ಇನ್ನೊಂದು ಪ್ರಶ್ನೆ, ನೂರಕ್ಕೂ ಹೆಚ್ಚು ವರ್ಷಗಳಾದರೂ ಹಾಗೆಯೇ ಉಳಿದಿದೆ.